ಯಾವ ಧಾತು ಸಂವತ್ಸರ?

ಮದುವೆ ಮನೆಯಲ್ಲೋ ಷಷ್ಟ್ಯಬ್ದಿಯಲ್ಲೋ ಹಂಚುವ ಮನೆತನದ ಚರಿತ್ರೆಗಳನ್ನು ನಾನು ತಪ್ಪದೆ ಓದುತ್ತೇನೆ. ಅವುಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಎಡಗಡೆ ಮುತ್ತಜ್ಜ, ಅಜ್ಜ, ಅಪ್ಪ; ಬಲಗಡೆ ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್. ಲಂಡನ್ನಿನಲ್ಲಿ ಯಾರು ಪಟ್ಟಕ್ಕೇರಿದರೆ ನಮ್ಮ ಹೊಲಮನೆಗೆ ಏನಾಗಬೇಕು ಎಂದು ನಾನು ಇದನ್ನು ಹೀಗಳೆಯುತ್ತಿದ್ದೆ. ಭೈರಪ್ಪನವರ 'ಗೃಹಭಂಗ'ದಲ್ಲಿ ಕಾಲ ನೆನಪಿನಲ್ಲಿ ಉಳಿಯುವುದು ಪ್ಲೇಗಿನಿಂದ, ಬರದಿಂದ, ದೊರೆಗಳಿಂದಲ್ಲ. ಅದೇ ಸರಿಯಾದ ದಾರಿ ಎಂದುಕೊಂಡಿದ್ದೆ.

ದಾವಣಗೆರೆಯಲ್ಲಿ ಕೂತು ಹರಿಹರದ ತಾಯಿಕಡೆಯವರ ಕಥೆ ಬರೆಯತೊಡಗಿದಾಗ ಸಿಕ್ಕಿಬಿದ್ದೆ. ಅಜ್ಜಿ ಹೇಳುತ್ತಿದ್ದದ್ದು ಇಷ್ಟು: "ಧಾತು ಸಂವತ್ಸರದಾಗ ನಮ್ಮೋರು ಹೊಳಿ ದಾಟಿ ಮಾರಾಜ್ರ ನೆಳ್ಳಿಗೆ ಬಂದ್ರು." ಹೊಳೆ ಎಂದರೆ ತುಂಗಭದ್ರೆ. ಆಚೆ ದಡದ ರಾಣೇಬೆನ್ನೂರು ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು; ಈಚೆಯ ಹರಿಹರ ಮೈಸೂರಿಗೆ. ಆದರೆ ಯಾವ ಧಾತು? ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 1876-77 ಧಾತು, 1936-37 ಕೂಡ ಧಾತು. ದೇವರ ಪೆಟ್ಟಿಗೆಯಲ್ಲಿದ್ದ ರಾಣಿ ರೂಪಾಯಿಯೂ ಇದನ್ನು ಬಗೆಹರಿಸಲಿಲ್ಲ. ನಾಣ್ಯದ ಮೇಲಿನ ಇಸವಿಗಿಂತ ಮುಂಚೆ ಅದು ಮನೆಗೆ ಬಂದಿರಲಾರದು, ನಿಜ. ಎಷ್ಟು ತಡವಾಗಿ ಬೇಕಾದರೂ ಬಂದಿರಬಹುದು.

ಕೊನೆಗೆ ನೆರವಾದದ್ದು ನಾನು ಹೀಗಳೆದ ದೊರೆಗಳೇ. ಅಜ್ಜಿಯ ಅಪ್ಪ ಹರಿಹರದಲ್ಲೇ ಹುಟ್ಟಿದವರು. ಹುಡುಗನಾಗಿದ್ದಾಗ ಜಾರ್ಜ್ ದೊರೆಯ ಪಟ್ಟದ ಮಿಠಾಯಿಯನ್ನು ಶಾಲೆಯಲ್ಲಿ ತಿಂದಿದ್ದರಂತೆ. ಆರನೆಯ ಜಾರ್ಜ್‌ನ ಪಟ್ಟಾಭಿಷೇಕ 1937ರಲ್ಲಿ. ಅಷ್ಟರಲ್ಲಿ ಅಜ್ಜಿಯೇ ಹುಟ್ಟಿಯಾಗಿತ್ತು. ಹಾಗಾದರೆ ಅದು 1911ರ ಐದನೆಯ ಜಾರ್ಜ್. ಮನೆಯವರು ಹೊಳೆ ದಾಟಿದ್ದು 1876-77ರ ಧಾತುವಿನಲ್ಲಿ, ಮಹಾಬರದ ನಡುವೆ.

ಇಸವಿ ಸಿಕ್ಕಿತು, ಮನೆಯ ಹೆಮ್ಮೆ ಕುಸಿಯಿತು. 1831ರಿಂದ 1881ರವರೆಗೆ ಮೈಸೂರನ್ನು ಆಳಿದವರು ಇಂಗ್ಲಿಷ್ ಕಮಿಷನರುಗಳು. ನಮ್ಮವರು ದಾಟಿದಾಗ ಎರಡೂ ದಡಗಳಲ್ಲಿ ಒಂದೇ ಆಳ್ವಿಕೆ, ಒಂದೇ ಬರ. 'ಮಾರಾಜ್ರ ನೆಳ್ಳು' ಆಮೇಲೆ ಸೇರಿದ ಮಾತು. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿಯೆಂದು ಸಾರಿದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಚರಿತ್ರೆಯ ಪುಸ್ತಿಕೆಗಳ ಬಲಗಡೆಯ ಸಾಲಿನಲ್ಲಿ ಈ ಹತ್ತು ವರ್ಷಗಳಿಗೆ 'ವಿಕ್ಟೋರಿಯಾ' ಎಂಬ ಒಂದೇ ಪದ.

ದೊರೆಯಿಂದ ಶುರುಮಾಡುವುದನ್ನು ನಾವು ಇಂಗ್ಲಿಷರಿಂದ ಕಲಿಯಲಿಲ್ಲ. ಹರಿಹರೇಶ್ವರ ದೇವಸ್ಥಾನದಲ್ಲಿರುವ ಶಾಸನಗಳಲ್ಲೂ ಅರಸನ ಬಿರುದುಗಳು ಮುಗಿದ ಮೇಲೆಯೇ ದಾನ ಕೊಟ್ಟವರ ಸರದಿ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ ಆ ಗುಡಿ ಕಟ್ಟಿಸಿದ ಪೊಲಾಳ್ವ ದಂಡನಾಯಕನ ಹೆಸರು ಉಳಿದಿದೆ. ಕಲ್ಲು ಹೊತ್ತವರದ್ದು ಉಳಿದಿಲ್ಲ.

ಆದ್ದರಿಂದ ದೊರೆಗಳ ಸಾಲನ್ನು ಅಳಿಸಿಹಾಕಿ ಎಂದು ನಾನೀಗ ಹೇಳಲಾರೆ. ಕಾಲ ಗೊತ್ತುಮಾಡಲು ಅದು ಬೇಕು. ಮನೆಯ ಮಾತನ್ನು ಪ್ರಶ್ನಿಸಲು ಇನ್ನೂ ಹೆಚ್ಚು ಬೇಕು. ವಂಶಕ್ಕೆ ಘನತೆ ತರುವ ಒಡವೆಯಾಗಿ ಅದನ್ನು ತೊಡಿಸಿದಾಗಲೇ ಬರಹ ಸುಳ್ಳಾಗುತ್ತದೆ. ಅಜ್ಜಿ ಇನ್ನೊಂದು ಮಾತನ್ನೂ ಹೇಳುತ್ತಿದ್ದಳು: ಹೊರಟಾಗ ಏಳು ಜನ, ದಾಟಿದಾಗ ಐದು. ನಮ್ಮ ವಂಶವೃಕ್ಷದಲ್ಲಿ ಐದೇ ಹೆಸರುಗಳಿವೆ. ಉಳಿದ ಎರಡಕ್ಕೆ ನಾನು ಖಾಲಿ ಜಾಗ ಬಿಟ್ಟು, ಎದುರಿಗೆ 'ಧಾತು, 1876-77' ಎಂದು ಬರೆದಿದ್ದೇನೆ.