‘ಅನ್ನಪೂರ್ಣಾ’: ಹಿಮವೂ ಹರ್ಷವೂ

ಫ್ರೆಂಚ್ ಪರ್ವತಾರೋಹಿಯಾದ ಮೋರಿಸ್ ಎರ್ಜೋಗನ ‘ಅನ್ನಪೂರ್ಣಾ’ ಎಂಬ ಗ್ರಂಥವು ೧೯೫೧ರಲ್ಲಿ ಪ್ರಕಟವಾಯಿತು. ನೇಪಾಳದಲ್ಲಿರುವ ೮,೦೯೧ ಮೀಟರು ಎತ್ತರದ ಆ ಶಿಖರವನ್ನು ಆತನೂ ಲೂಯಿ ಲಾಶೆನಾಲನೂ ೧೯೫೦ನೆಯ ಇಸವಿ ಜೂನ್ ೩ರಂದು, ಕೃತಕ ಪ್ರಾಣವಾಯುವಿನ ನೆರವಿಲ್ಲದೆ ಏರಿದರು. ಕೈಬೆರಳುಗಳನ್ನು ಕಳೆದುಕೊಂಡ ಗ್ರಂಥಕರ್ತನು ಆಸ್ಪತ್ರೆಯಲ್ಲಿ ಮಲಗಿ ಇದನ್ನು ಹೇಳಿ ಬರೆಯಿಸಿದನು. ಲೇಖನಿಯನ್ನು ಹಿಡಿಯಲಾರದವನ ಕೃತಿಯೆಂದು ವಾಚಕರಿಗೆ ಇದರಲ್ಲಿ ಗೌರವವುಂಟಾಗುವುದು ಸಹಜವೇ ಸರಿ. ಆದರೆ ಆ ಗೌರವವು ವಿಮರ್ಶೆಗೆ ಅಡ್ಡಿಯಾಗಲಾಗದು.

ಗ್ರಂಥದ ಪ್ರಧಾನರಸವು ವೀರ. ಶಿಖರದ ಪ್ರಕರಣದಲ್ಲಿಯಾದರೋ ಅದು ಅದ್ಭುತವಾಗಿ ಮಾರ್ಪಡುತ್ತದೆ. ದೇಹದ ಭಾರವೇ ಅಳಿದಂತಹ ಒಂದು ಅಲೌಕಿಕ ಹರ್ಷವನ್ನು ಎರ್ಜೋಗನು ಅಲ್ಲಿ ವರ್ಣಿಸುತ್ತಾನೆ. ಅಷ್ಟು ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವುದರ ಸುಮಾರು ಮೂರರಲ್ಲೊಂದು ಭಾಗ ಮಾತ್ರ. ಪ್ರಾಣವಾಯುವು ಸಾಲದೆ ಹಸಿದ ಮೆದುಳು ವಿವೇಕವನ್ನು ಕಳೆದುಕೊಂಡು ಸುಖವನ್ನು ಭ್ರಮಿಸುವುದುಂಟು. ಹೀಗಿರುವಲ್ಲಿ ಆ ಹರ್ಷವು ಆತ್ಮದ್ದೋ, ಮೆದುಳಿನ ಹಸಿವಿನದೋ? ಈ ಪ್ರಶ್ನೆಯನ್ನು ಗ್ರಂಥಕರ್ತನು ಬಿಡಿಸಿ ನೋಡುವುದಿಲ್ಲ.

ಆದರೂ ಉತ್ತರವು ಅವನ ಕಥನದಲ್ಲಿಯೇ ಅಡಗಿದೆ. ಇಳಿಯುವಾಗ ಅವನ ಕೈಗವಸುಗಳು ಜಾರಿ ಇಳಿಜಾರಿನಲ್ಲಿ ಉರುಳಿಹೋದವು. ಚೀಲದಲ್ಲಿದ್ದ ಕಾಲ್ಚೀಲಗಳನ್ನು ಕೈಗೆ ತೊಡಬಹುದೆಂಬುದು ಅವನಿಗೆ ತೋಚಲೇ ಇಲ್ಲ. ಚಳಿಯಲ್ಲಿ ಶರೀರವು ಹೃದಯವನ್ನೂ ಮೆದುಳನ್ನೂ ಉಳಿಸಿಕೊಳ್ಳಲು ಬೆರಳುಗಳ ರಕ್ತವನ್ನು ಹಿಂದೆಗೆಯುತ್ತದೆ. ಬಳಿಕ ಮಾಂಸವೇ ಹೆಪ್ಪುಗಟ್ಟುತ್ತದೆ. ಜತೆಗಾರರು ಹಗ್ಗದ ತುದಿಯಿಂದ ಆ ಅಂಗಗಳನ್ನು ಬಡಿದು ಜೀವ ಬರಿಸಲು ಯತ್ನಿಸಿದರು. ಹಾಗೆ ಬಡಿಯುವುದೂ ಉಜ್ಜುವುದೂ ಗಾಯವನ್ನು ಹೆಚ್ಚಿಸುವುದೆಂದೂ, ಬೆಚ್ಚನೆಯ ನೀರೇ ಹಿತವೆಂದೂ ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಈ ಅವರೋಹಣದ ಪ್ರಕರಣಗಳಲ್ಲಿ ಅಲಂಕಾರವು ಕಡಮೆ, ಸತ್ಯವು ಹೆಚ್ಚು. ಗ್ರಂಥದ ಉತ್ತಮಭಾಗವು ಇದೇ.

ಲಾಶೆನಾಲನಿಗೆ ಮಾತ್ರ ಇಲ್ಲಿ ನ್ಯಾಯವು ದೊರೆತಿಲ್ಲ. ಏರುವಾಗಲೇ ತನ್ನ ಪಾದಗಳು ಮರಗಟ್ಟುತ್ತಿರುವುದನ್ನು ಅರಿತು ಅವನು ಹಿಂದಿರುಗುವ ಮಾತೆತ್ತಿದನು. ಒಬ್ಬನೇ ಹೋದರೆ ಎರ್ಜೋಗನು ಮರಳಲಾರನೆಂದು ಜತೆಗೆ ನಡೆದನು, ಕಾಲ್ಬೆರಳುಗಳನ್ನೆಲ್ಲ ತೆತ್ತನು. ಅವನ ಮರಣಾನಂತರ, ೧೯೫೬ರಲ್ಲಿ, ಅವನ ಟಿಪ್ಪಣಿಗಳು ಕತ್ತರಿಸಲ್ಪಟ್ಟು ಪ್ರಕಟವಾದವು. ಪೂರ್ಣಪಾಠವು ಹೊರಬಂದುದು ೧೯೯೬ರಲ್ಲಿ.

ಕಾಳಿದಾಸನು ‘ಕುಮಾರಸಂಭವ’ದಲ್ಲಿ ಹಿಮವನ್ನು ಗಿರಿರಾಜನ ದೋಷವೆಂದು ಒಪ್ಪಿಕೊಂಡೇ, ಅನೇಕ ಗುಣಗಳ ನಡುವೆ ಅದು ಮುಳುಗುವುದೆನ್ನುತ್ತಾನೆ. ದೂರದಿಂದ ನೋಡುವ ಕವಿಗೆ ಅದು ಒಪ್ಪುವ ಮಾತು. ಹಿಮವನ್ನು ತುಳಿದವನ ಗ್ರಂಥದಲ್ಲಿ ದೋಷವು ಹಾಗೆ ಮುಳುಗಬಾರದು. ಅಲ್ಲಿ ಮುಳುಗುವುದು ಜತೆಗಾರನ ನೋವು. ಆದುದರಿಂದ ‘ಅನ್ನಪೂರ್ಣಾ’ವನ್ನು ಓದುವವರು ಲಾಶೆನಾಲನ ಟಿಪ್ಪಣಿಗಳನ್ನೂ ಬದಿಯಲ್ಲಿಟ್ಟುಕೊಂಡು ಓದುವುದು ಯುಕ್ತ.