ಈಜು ಕಲಿಯದೆಯೇ ಗೆಲ್ಲುವ ಹೀರೋಗಳು

ಮಕ್ಕಳ ಕತೆಯ ಹೀರೋ ಹೊಳೆಗೆ ಹಾರುತ್ತಾನೆ. ಮುಳುಗುತ್ತಿರುವ ಗೆಳೆಯನನ್ನು ದಡಕ್ಕೆ ಎಳೆದು ತರುತ್ತಾನೆ. ಮುಂದಿನ ಪ್ಯಾರಾದಲ್ಲಿ ಹೆಡ್‌ಮಾಸ್ತರು ಶಾಲು ಹೊದಿಸಿ, ಶೌರ್ಯ ಪ್ರಶಸ್ತಿಗೆ ಹೆಸರು ಕಳಿಸ್ತಾರೆ. ಕತೆ ಮುಗೀತು. ಆದರೆ ಈ ಹುಡುಗ ಈಜು ಕಲಿತದ್ದು ಯಾವಾಗ? ಯಾರು ಕಲಿಸಿದ್ರು? ಮೊದಲ ಸಲ ಮೂಗಿಗೆ ನೀರು ನುಗ್ಗಿದಾಗ ಏನು ಮಾಡಿದ? ಮುಳುಗುವವನು ಕಾಪಾಡಲು ಬಂದವನ ಕುತ್ತಿಗೆಯನ್ನೇ ತಬ್ಬಿ ಒತ್ತುತ್ತಾನಲ್ಲ, ಅದರಿಂದ ಹೇಗೆ ಬಿಡಿಸಿಕೊಂಡ? ಆ ಹೊತ್ತಿಗೆ ಹೊಳೆಯ ಸೆಳವು ಯಾವ ಕಡೆಗಿತ್ತು? ಕತೆಗೆ ಇದ್ಯಾವುದೂ ಬೇಡ. ಅದಕ್ಕೆ ಬೇಕಾದದ್ದು ಒಂದೇ, 'ಧೈರ್ಯ'.

ಆಟ, ವ್ಯಾಯಾಮ, ಸಾಹಸ ಅಂತ ಕನ್ನಡದಲ್ಲಿ ಮಕ್ಕಳಿಗಾಗಿ ಬರುವ ಪುಸ್ತಕಗಳನ್ನು ಸಾಲಾಗಿ ಓದಿದರೆ ಮೂರು ಅಚ್ಚುಗಳು ಕಣ್ಣಿಗೆ ಹೊಡೆಯುತ್ತವೆ. ಮೊದಲನೆಯದು ಸಾಧಕರ ಜೀವನಚರಿತ್ರೆ: ಬಡತನ, ಕಷ್ಟ, ಪದಕ, ಕೊನೆಗೆ 'ನೀವೂ ಇವರಂತಾಗಿ'. ಎರಡನೆಯದು ರಜೆಯ ಸಾಹಸ: ಬೆಂಗಳೂರಿನ ಮಗು ಅಜ್ಜನ ಊರಿಗೆ ಹೋಗಿ, ಕಾಡಿನಲ್ಲಿ ದಾರಿ ತಪ್ಪಿ, ಗುಹೆಯಲ್ಲಿ ಕಳ್ಳಸಾಗಣೆಯವರನ್ನು ಹಿಡಿದುಕೊಡುತ್ತದೆ. ಮೂರನೆಯದು ಆರೋಗ್ಯದ ಪಾಠ: ಬೇಗ ಏಳು, ಹಾಲು ಕುಡಿ, ಮೊಬೈಲ್ ಇಡು, ಸೂರ್ಯನಮಸ್ಕಾರ ಮಾಡು. ಮೂರರಲ್ಲೂ ಒಂದು ವಿಚಿತ್ರ ಸಾಮ್ಯ ಇದೆ. ಮೈಯ ಬಗ್ಗೆ ಬರೆದ ಪುಸ್ತಕಗಳಲ್ಲಿ ಮೈಯೇ ಇಲ್ಲ. ಕಾಲು ನೋಯುವುದಿಲ್ಲ, ಉಸಿರು ಕಟ್ಟುವುದಿಲ್ಲ, ಅಂಗೈ ಸುಲಿಯುವುದಿಲ್ಲ. ಹತ್ತು ಸಲ ಬಿದ್ದು ಹನ್ನೊಂದನೆಯ ಸಲ ಬ್ಯಾಲೆನ್ಸ್ ಸಿಕ್ಕಿದಾಗ ಹೊಟ್ಟೆಯಲ್ಲಿ ಆಗುವ ಆ ಪುಳಕವೂ ಇಲ್ಲ.

ಮಕ್ಕಳ ಲೇಖಕರಿಗೆ ಹೊರಗಿನ ಆಸೆ ಇಲ್ಲ ಅಂತಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೆಲವು ಕನ್ನಡ ಪುಸ್ತಕಗಳ ಹೆಸರುಗಳನ್ನಷ್ಟೇ ಜೋಡಿಸಿ ನೋಡಿ. 2011ರಲ್ಲಿ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು', 2019ರಲ್ಲಿ ಚಂದ್ರಕಾಂತ ಕರದಳ್ಳಿ ಅವರ 'ಕಾಡು ಕನಸಿನ ಬೀದಿಗೆ', 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ನಮ್ಮ ಉತ್ತರ ಕನ್ನಡದವರೇ ಆದ ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ'. ಮುಳುಗಡೆ, ಕಾಡು, ಓಟ, ಗುಹೆ. ಮನೆಯಿಂದ ಆಚೆ ಹೋಗುವ ತುಡಿತ ಈ ಶೀರ್ಷಿಕೆಗಳಲ್ಲೇ ಇದೆ. ನನ್ನ ತಕರಾರು ಈ ಪುಸ್ತಕಗಳ ಮೇಲಲ್ಲ, ಇವುಗಳ ಸುತ್ತ ಬೆಳೆಯಬೇಕಿದ್ದ ಕಪಾಟಿನ ಮೇಲೆ. ಹೊರಗೆ ಹೋದ ಮಗು ಅಲ್ಲಿ ಏನನ್ನು ಮಾಡಲು ಕಲಿಯುತ್ತದೆ ಅಂತ ಹೇಳುವ ಪುಸ್ತಕಗಳ ಜಾಗ ಆ ಕಪಾಟಿನಲ್ಲಿ ಹೆಚ್ಚು ಕಡಿಮೆ ಖಾಲಿ.

ಕಾರವಾರ ಮತ್ತು ಅಂಕೋಲೆಯನ್ನೇ ತೆಗೆದುಕೊಳ್ಳಿ. ಲಾಂಗ್ ವೀಕೆಂಡ್ ಬಂದರೆ ನಾವೆಲ್ಲ ಮಕ್ಕಳನ್ನು ಕಾರಿಗೆ ಹಾಕಿಕೊಂಡು ಹೋಗುವ ಜಾಗ. ನಮ್ಮ ಕಣ್ಣಿಗೆ ಅದು ಬೀಚು, ಬಂಗುಡೆ ಫ್ರೈ, ಯುದ್ಧನೌಕೆ ಮ್ಯೂಸಿಯಂ, ಮೇ ತಿಂಗಳಾದರೆ ರಸ್ತೆಬದಿಯ ಕರಿ ಇಷಾಡ ಮಾವು. ಅಲ್ಲಿ ಬೆಳೆಯುವ ಮಗುವಿಗೆ ಅದು ಒಂದು ಗಡಿಯಾರ. ಸಮುದ್ರ ಸುಮಾರು ಆರು ತಾಸು ಏರುತ್ತದೆ, ಆರು ತಾಸು ಇಳಿಯುತ್ತದೆ. ಭರತ, ಇಳಿತ, ಕೊಂಕಣಿಯಲ್ಲಿ ಭರ್ತಿ, ಸುಕ್ತಿ. ಪ್ರತಿದಿನ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು. ಬಳಚು, ಚಿಪ್ಪೆಕಲ್ಲು ಹೆಕ್ಕಲು ಗಂಗಾವಳಿಯ ಮರಳಿಗೆ ಇಳಿಯುವವರಿಗೆ ಇದು ಗೊತ್ತಿರಲೇಬೇಕು, ಇಲ್ಲಾಂದ್ರೆ ಹಿಂದಿರುಗುವ ದಾರಿ ನೀರಿನಡಿಗೆ ಹೋಗಿರುತ್ತದೆ. ಕಾಳಿ ಸಮುದ್ರ ಸೇರುವಲ್ಲಿ ಹೊಳೆಯ ಸೆಳವೂ ಕಡಲಿನ ಇಳಿತವೂ ಒಂದೇ ಕಡೆಗೆ ಎಳೆಯುವ ಹೊತ್ತಿದೆ; ಆಗ ಎಂಥ ಈಜುಗಾರನೂ ನೀರಿಗಿಳಿಯುವ ಮುನ್ನ ಯೋಚಿಸುತ್ತಾನೆ. ಮಳೆಗಾಲದಲ್ಲಿ ಮೇಲೆ ಕದ್ರಾ ಅಣೆಕಟ್ಟಿನ ಗೇಟು ತೆರೆದರೆ ಲೆಕ್ಕವೇ ಬೇರೆ.

ಇನ್ನೊಂದು ಉದಾಹರಣೆ. ಬೀಚಿನಲ್ಲಿ ನಿಂತು ನೋಡಿದರೆ ನೊರೆಯೇಳುವ ಅಲೆಗಳ ನಡುವೆ ಒಂದು ಕಡೆ ಅಲೆ ಒಡೆಯದ, ಶಾಂತವಾಗಿ ಕಾಣುವ ಪಟ್ಟಿ ಇರುತ್ತದೆ. ಪೇಟೆಯವರು ಮಕ್ಕಳನ್ನು ಆಡಲು ಬಿಡುವುದು ಅಲ್ಲೇ. ದಡಕ್ಕೆ ಬಂದ ನೀರು ವಾಪಸ್ ಒಳಕ್ಕೆ ಓಡುವ ದಾರಿಯೂ ಹಲವು ಸಲ ಅದೇ ಆಗಿರುತ್ತದೆ. ಅದರಲ್ಲಿ ಸಿಕ್ಕಿದವರು ದಡದ ಕಡೆಗೇ ನೇರ ಈಜಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಸೆಳವಿನಿಂದ ಹೊರಬರಬಹುದು. ಈ ಎರಡು ವಾಕ್ಯದಲ್ಲಿ ಎಂಥ ಕತೆ ಇದೆ ನೋಡಿ! ಶಾಂತವಾಗಿರುವುದೇ ಅಪಾಯ, ಮನೆ ಕಡೆಗೆ ಹೋಗಬೇಕಾದರೆ ಮನೆಯ ದಿಕ್ಕು ಬಿಡಬೇಕು. ಒಬ್ಬ ಹತ್ತು ವರ್ಷದ ಓದುಗನಿಗೆ ಇದಕ್ಕಿಂತ ದೊಡ್ಡ ಸಸ್ಪೆನ್ಸ್ ಬೇಕಾ? ಆದರೂ ನಮ್ಮ ಸಾಹಸ ಕತೆ ಇನ್ನೂ ಗುಹೆಯೊಳಗಿನ ಕಳ್ಳರನ್ನೇ ಹುಡುಕುತ್ತಿದೆ.

ಇದು ಬರೀ ಸಾಹಿತ್ಯದ ಮಾತಲ್ಲ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ಹುಡುಗಿಯರು ಸಮುದ್ರ ಪಾಲಾದರು. ಪುಸ್ತಕ ಓದಿದ್ದರೆ ಬದುಕುತ್ತಿದ್ದರು ಅಂತ ಹೇಳುವಷ್ಟು ಅಹಂಕಾರ ಯಾವ ವಿಮರ್ಶಕನಿಗೂ ಬೇಡ. ಲೈಫ್ ಜಾಕೆಟ್, ಲೈಫ್ ಗಾರ್ಡ್, ಜವಾಬ್ದಾರಿಯುಳ್ಳ ದೊಡ್ಡವರು, ಇವುಗಳ ಕೆಲಸವನ್ನು ಕತೆ ಮಾಡಲಾರದು. ಆದರೆ ಇಂಥ ಪ್ರತಿ ಘಟನೆಯ ಮಾರನೇ ದಿನ ನಾವು ಮಕ್ಕಳಿಗೆ ಹೇಳುವುದು ಒಂದೇ ಮಾತು: ನೀರಿನ ಹತ್ತಿರ ಹೋಗಬೇಡ. ಅದೇ ವಾರ ಕೈಗೆ ಕೊಡುವ ಕತೆ ಹೇಳುವುದು ಇನ್ನೊಂದು: ಧೈರ್ಯ ಇದ್ದರೆ ಹಾರು. ಹೆದರಿಕೆ ಮತ್ತು ಹುಂಬತನದ ನಡುವೆ ಕೌಶಲ ಅನ್ನೋದೊಂದಿದೆ. ಅದನ್ನು ಮನೆಯೂ ಕಲಿಸುತ್ತಿಲ್ಲ, ಪುಸ್ತಕವೂ ತೋರಿಸುತ್ತಿಲ್ಲ.

ಅದನ್ನು ಕತೆಯಲ್ಲಿ ತೋರಿಸಬಹುದಾ, ಬೋರ್ ಆಗಲ್ವಾ ಅಂತ ಕೇಳಬಹುದು. ಆರ್ಥರ್ ರ‍್ಯಾನ್ಸಮ್ 1930ರಲ್ಲಿ ಬರೆದ 'ಸ್ವಾಲೋಸ್ ಆ್ಯಂಡ್ ಅಮೆಜಾನ್ಸ್' ತೆಗೆದು ನೋಡಿ. ನಾಲ್ವರು ಅಣ್ಣತಮ್ಮ ಅಕ್ಕತಂಗಿಯರು ಹಾಯಿದೋಣಿಯಲ್ಲಿ ಸರೋವರದ ದ್ವೀಪಕ್ಕೆ ಹೋಗಿ ಬಿಡಾರ ಹೂಡುತ್ತಾರೆ. ಹಾಯಿ ಕಟ್ಟುವುದು, ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಸಾಗುವುದು, ಕತ್ತಲಲ್ಲಿ ದೋಣಿ ದಡ ಮುಟ್ಟಿಸುವುದು, ಇದೇ ಕತೆಯ ಮೈ. ಕಿರಿಯ ರೋಜರ್‌ಗೆ ನೆಟ್ಟಗೆ ಈಜು ಬರುವುದಿಲ್ಲ, ಮತ್ತು ಪುಸ್ತಕ ಅದನ್ನು ಮರೆಯುವುದಿಲ್ಲ. ಸುಮಾರು ನೂರು ವರ್ಷವಾಗುತ್ತ ಬಂದರೂ ಮಕ್ಕಳು ಓದುತ್ತಿದ್ದಾರೆ.

ಹತ್ತಿರದ್ದೇ ಬೇಕಾದರೆ, ಕನ್ನಡಕ್ಕೂ ಬಂದಿರುವ 'ತೊತ್ತೋಚಾನ್'. ತೆತ್ಸುಕೋ ಕುರೋಯಾನಗಿ ಅವರ ಈ ಪುಸ್ತಕವನ್ನು ಎಲ್ಲರೂ ಶಿಕ್ಷಣದ ಪುಸ್ತಕ ಅಂತ ಓದುತ್ತಾರೆ. ನನಗೆ ಅದು ಕನ್ನಡದಲ್ಲಿ ಸಿಗುವ ಅತ್ಯುತ್ತಮ ಕ್ರೀಡಾ ಪುಸ್ತಕಗಳಲ್ಲೊಂದು. ಪೋಲಿಯೋ ಆದ ಗೆಳೆಯ ಯಾಸುವಾಕಿಯನ್ನು ತೊತ್ತೋಚಾನ್ ಮರ ಹತ್ತಿಸುವ ಅಧ್ಯಾಯ ನೆನಪಿಸಿಕೊಳ್ಳಿ. ಮೊದಲು ತಂದ ಏಣಿ ಸಾಲುವುದಿಲ್ಲ, ಇನ್ನೊಂದು ತರುತ್ತಾಳೆ, ಒಂದೊಂದೇ ಮೆಟ್ಟಿಲು, ಬೆವರು, ಕೊನೆಗೆ ಕೈಹಿಡಿದು ಎಳೆಯುವುದು. ಒಂದು ಮರ ಹತ್ತುವುದು ಎವರೆಸ್ಟ್ ಹತ್ತಿದಷ್ಟು ದೊಡ್ಡದಾಗುತ್ತದೆ, ಯಾಕಂದ್ರೆ ಪ್ರತಿ ಇಂಚೂ ನಮಗೆ ಕಾಣುತ್ತದೆ. ಅದೇ ಶಾಲೆಯ ಕ್ರೀಡಾದಿನದಲ್ಲಿ ಮೈ ಬೆಳೆಯದ ತಕಾಹಾಶಿ ಎಲ್ಲದರಲ್ಲೂ ಮೊದಲು ಬರುತ್ತಾನೆ. ಅವನ ಮೈಗೆ ಒಗ್ಗುವಂಥ ಆಟಗಳನ್ನು ಮುಖ್ಯೋಪಾಧ್ಯಾಯರು ರೂಪಿಸಿರುತ್ತಾರೆ. ಬಹುಮಾನವಾಗಿ ಸಿಗುವುದು ತರಕಾರಿ! ನಮ್ಮ ಸಾಧಕರ ಜೀವನಚರಿತ್ರೆಗಳಲ್ಲಿ ಕೊನೆಯವನಾಗಿ ಓಡಿದ ಮಗುವಿಗೆ ಎಲ್ಲಾದರೂ ಜಾಗ ಇದೆಯಾ?

ಕನ್ನಡದ ಒಳಗೆ ಈ ಕೆಲಸ ಮಾಡಿದ್ದು ಮಕ್ಕಳಿಗಾಗಿ ಬರೆಯದ ಲೇಖಕರು. ತೇಜಸ್ವಿಯವರ 'ಕರ್ವಾಲೊ' 1980ರದ್ದು. ಹೈಸ್ಕೂಲ್ ಮಕ್ಕಳು ಅದನ್ನು ತಮ್ಮದೇ ಪುಸ್ತಕ ಅಂತ ಎತ್ತಿಕೊಂಡರು. ಹಾರುವ ಓತಿಯನ್ನು ಹುಡುಕುವ ಆ ಪಯಣದಲ್ಲಿ ಮುಖ್ಯನಾದವನು ಜೇನು ಹಿಡಿಯುವ ಮಂದಣ್ಣ. ಊರವರಿಗೆ ಕೆಲಸಕ್ಕೆ ಬಾರದವನಾಗಿ ಕಂಡ ಅವನ ಕಣ್ಣಿಗೆ, ಕೈಗೆ ವಿಜ್ಞಾನಿ ಬೆಲೆ ಕೊಡುತ್ತಾರೆ. 1883ರಲ್ಲಿ, 22ರ ಹರೆಯದಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ರವೀಂದ್ರನಾಥ ಟ್ಯಾಗೋರರೂ ತಮ್ಮ ನೆನಪುಗಳಲ್ಲಿ ಒಂದು ರಾತ್ರಿಯನ್ನು ಬರೆದಿದ್ದಾರೆ: ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿ, ದಡದಲ್ಲಿ ಹಳೆಯ ಕೋಟೆ, ರೈತನ ಅಂಗಳದಲ್ಲಿ ಊಟ, ಅಳಿವೆಯಲ್ಲಿ ಇಳಿದು ಮರಳ ಮೇಲೆ ಮನೆವರೆಗೆ ನಡಿಗೆ. ಬೀಚಿಗೆ ಅವರ ಹೆಸರಿಟ್ಟೆವು. ಆ ನಡಿಗೆಯನ್ನು ಮಕ್ಕಳ ಪುಸ್ತಕ ಮಾಡುವ ಯೋಚನೆ ಬರಲಿಲ್ಲ.

ಅಂಕೋಲೆಯ ಸಂಗತಿ ಇನ್ನೂ ತಮಾಷೆ. ತಲೆಮಾರುಗಳ ಕನ್ನಡ ಮಕ್ಕಳಿಗೆ ಗಡಿಯಾರದ ಪದ್ಯ ಕೊಟ್ಟ ದಿನಕರ ದೇಸಾಯಿ ಅವರ ಊರದು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಕರಾವಳಿಯಲ್ಲಿ ಶಾಲೆಗಳನ್ನು ತೆರೆದವರು ಅವರು. ಅಂಥ ಪರಂಪರೆಯ ಊರಿನ ಮಗು ಇವತ್ತು ಸಾಹಸ ಕತೆ ತೆರೆದರೆ ತಾನೇ ಅದರಲ್ಲಿ ಸಿಗುವುದು ಯಾವ ಪಾತ್ರದಲ್ಲಿ? ಪೇಟೆಯ ಹೀರೋಗೆ ದಾರಿ ತೋರಿಸುವವನಾಗಿ. ಮೀನುಗಾರರ ಹುಡುಗ ದೋಣಿ ನಡೆಸುತ್ತಾನೆ, ಹಾಲಕ್ಕಿ ಹುಡುಗಿ ಕಾಡಿನ ಹಣ್ಣು ಕೊಡುತ್ತಾಳೆ, ಪತ್ತೇದಾರಿ ಮಾಡಿ ಹೆಸರು ಗಳಿಸುವುದು ಮಾತ್ರ ರಜೆಗೆ ಬಂದ ಮಗು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾರ ತಿಳಿವಳಿಕೆ 'ಸಾಹಸ', ಯಾರದು ಬರೀ 'ಕೂಲಿ' ಅಂತ ಮಗು ಕಲಿಯುವುದು ಇಲ್ಲೇ.

ನಿಜವಾದ ಕತೆಗಳಿಗೇನು ಬರ? 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿದು ಲಾರಿ ಹೊಳೆಗೆ ಬಿದ್ದಾಗ, ಚಾಲಕನನ್ನು ಜೀವಂತ ಮೇಲೆ ತಂದವರಲ್ಲಿ ಸ್ಥಳೀಯ ಮೀನುಗಾರರಿದ್ದರು. ಕತ್ತಲಲ್ಲಿ, ಮಳೆಗಾಲದ ಹೊಳೆಯಲ್ಲಿ, ದೋಣಿಯನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದವರು. ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಲ್ಲಿ ಕಾಡು ಸುತ್ತಿ, ಬೀಜಕ್ಕೆ ಯಾವ ತಾಯಿಮರ ಸರಿ ಅಂತ ಗುರುತಿಸುತ್ತಿದ್ದರು. ನಾವು ಬರೆದದ್ದು ಪದ್ಮಶ್ರೀ ಬಗ್ಗೆ, ಆ ನಡಿಗೆಯ ಬಗ್ಗೆ ಅಲ್ಲ. ಇದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಕ್ಕಳನ್ನು 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಗೆ ಆರಿಸಿ ಅಥ್ಲೆಟಿಕ್ಸ್ ಕಲಿಸಿದರು. ಪದಕಗಳೂ ಬಂದವು. 90ರ ದಶಕದಲ್ಲಿ ಯೋಜನೆ ನಿಂತಿತು, ಹಲವರು ಊರಿಗೆ ವಾಪಸಾದರು. ಗೆದ್ದ ಮೇಲೂ ಓಟ ನಿಂತುಹೋಗಬಹುದು ಅನ್ನುವ ಈ ಕತೆ ಯಾವ 'ನೀವೂ ಇವರಂತಾಗಿ' ಅಚ್ಚಿಗೂ ಹಿಡಿಸುವುದಿಲ್ಲ. ಅದಕ್ಕೇ ಅದನ್ನು ಮಕ್ಕಳಿಗೆ ಹೇಳಬೇಕು.

ಊರಿನ ಮಕ್ಕಳಿಗೆ ಇದೆಲ್ಲ ಗೊತ್ತೇ ಇರುತ್ತೆ, ಪುಸ್ತಕ ಯಾಕೆ ಅನ್ನುವವರಿದ್ದಾರೆ. ಈಗ ಗೊತ್ತಿರೋದು ಕಡಿಮೆ. 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ-ಅಂಕೋಲೆ ನಡುವಿನ ಕಡಲದಂಡೆಯ ಊರುಗಳು ಎದ್ದವು. ಪುನರ್ವಸತಿ ಕಾಲೊನಿಯಲ್ಲಿ ಹುಟ್ಟಿದ ಮಗುವಿಗೆ ಅಜ್ಜ ಈಜಿದ ಕಡಲು ಬೇಲಿಯಾಚೆ. ಉಳಿದವರಿಗೆ ಟ್ಯೂಷನ್ ಇದೆ. ಮನೆಯಲ್ಲಿ ಕೈದಾಟುತ್ತಿರುವ ತಿಳಿವಳಿಕೆಯನ್ನು ಪುಸ್ತಕ ಹಿಡಿದಿಡಬೇಕಾದ್ದು ಈಗಲೇ.

ಹಾಗಂತ ಕತೆಯೊಳಗೆ ಈಜಿನ ಗೈಡ್ ತುರುಕಿ ಅಂತಲ್ಲ. ಕಾರಂತರ 'ಬಾಲಪ್ರಪಂಚ' 1936ರಲ್ಲೇ ಬಂದಿತ್ತು. ಮಕ್ಕಳಿಗೆ ಮಾಹಿತಿ ಕೊಡುವುದರಲ್ಲಿ ಕನ್ನಡ ಹಿಂದೆ ಬಿದ್ದಿಲ್ಲ. ಕತೆ ಒಂದು ಕಪಾಟು, ಮಾಹಿತಿ ಇನ್ನೊಂದು ಕಪಾಟು ಅಂತ ಬೇರೆ ಮಾಡಿಟ್ಟದ್ದರಲ್ಲಿ ತೊಂದರೆ ಆಗಿದೆ. ಭರತ ಏರುವ ಮುನ್ನ ದಡ ಸೇರಬೇಕಾದ ಹುಡುಗಿಗೆ ಮಾಹಿತಿಯೇ ಕತೆ.

ಮುಂದಿನ ಸಲ ಮಗುವಿಗೆ ಇಂಥ ಪುಸ್ತಕ ಕೊಳ್ಳುವಾಗ ಹಿಂಬದಿಯ ಹೊಗಳಿಕೆ ಬಿಡಿ, ನಡುವಿನ ನಾಲ್ಕು ಪುಟ ಓದಿ. ಅದರಲ್ಲಿ ಯಾರಾದರೂ ಏನನ್ನಾದರೂ ಕೈಯಾರೆ ಕಲಿಯುತ್ತಿದ್ದಾರಾ? ಒಮ್ಮೆಯಾದರೂ ತಪ್ಪುತ್ತಾರಾ? ಕಲಿಸುವವರಿಗೆ ಒಂದು ಹೆಸರಿದೆಯಾ, ಇಲ್ಲ ಬರೀ 'ದೋಣಿಯವ'ನಾ? ಮೂರಕ್ಕೂ ಹೌದು ಅನ್ನುವ ಪುಸ್ತಕ ಸಿಕ್ಕರೆ ಎರಡು ಪ್ರತಿ ತಗೊಳ್ಳಿ. ಒಂದು ನಿಮ್ಮ ಮನೆಗೆ, ಇನ್ನೊಂದು ನೀವು ವೀಕೆಂಡಿಗೆ ಹೋಗುವ ಊರಿನ ಸರ್ಕಾರಿ ಶಾಲೆಗೆ.