ಚತುರ್ಥಿ ವಿಭಕ್ತಿಯ ಮಕ್ಕಳು

ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ಒಂದು ಸಂಸ್ಥೆಯವರು ನಮಗೆ ಅನುದಾನದ ಅರ್ಜಿಯೊಂದನ್ನು ಕನ್ನಡಕ್ಕೆ ತರಲು ಕೊಟ್ಟರು. ನಮ್ಮಂಥ ಕೇರಿಗಳ ಮಕ್ಕಳಿಗೆ ಡಿಜಿಟಲ್ ಶಿಕ್ಷಣ, ಅದಕ್ಕೆ ದೊಡ್ಡ ಕಂಪನಿಯೊಂದರ ದುಡ್ಡು. ಪುಟಕ್ಕಿಷ್ಟು ಅಂತ ನಮಗೆ ಕಾಸು. ಕಾಸು ಬೇಕಿತ್ತು, ಮಾಡಿಕೊಟ್ಟೆವು. ಈಗ ಆ ಅರ್ಜಿಯನ್ನು ಒಂದು ಕೃತಿ ಅಂತಲೇ ಹಿಡಿದು ವಿಮರ್ಶೆಗೆ ಕೂತಿದ್ದೇವೆ. ನಮ್ಮ ವಿಮರ್ಶಕ ಮಹಾಶಯರು ಇಂಥದ್ದನ್ನು ಓದುವುದಿಲ್ಲ. ನಮ್ಮ ಮಕ್ಕಳ ಹಣೆಬರಹವೋ, ಇಂಥ ಬರಹಗಳಲ್ಲೇ ಇರುತ್ತದೆ.

ಮೊದಲು ವ್ಯಾಕರಣ. ಇಪ್ಪತ್ತು ಪುಟದಲ್ಲಿ ಒಂದು ಕಡೆಯೂ ನಮ್ಮ ಹುಡುಗನಾಗಲಿ ಹುಡುಗಿಯಾಗಲಿ ಪ್ರಥಮಾ ವಿಭಕ್ತಿಯಲ್ಲಿಲ್ಲ. 'ಮಕ್ಕಳಿಗೆ ನೀಡಲಾಗುವುದು', 'ಫಲಾನುಭವಿಗಳಿಗೆ ವಿತರಿಸಲಾಗುವುದು', 'ಶಾಲೆಗಳಿಗೆ ಒದಗಿಸಲಾಗುವುದು'. ಬರೀ ಗೆ, ಗೆ, ಗೆ. ಕೈ ಚಾಚಿ ನಿಂತ ವಿಭಕ್ತಿ. ಕೊಡುವವನಾದರೂ ಕಾಣುತ್ತಾನೆಯೆ ಅಂದರೆ ಅವನೂ 'ಲಾಗುವುದು' ಅನ್ನುವ ಪರದೆಯ ಹಿಂದೆ ಅವಿತಿದ್ದಾನೆ. ನಾಳೆ ಕಂಪ್ಯೂಟರ್ ಕೆಟ್ಟರೆ ಯಾರನ್ನು ಕೇಳುವುದು? ವಾಕ್ಯದಲ್ಲೇ ಆಳಿಲ್ಲ.

ಇನ್ನು 'ಉದಾರ ನೆರವು' ಅನ್ನುವ ಮಾತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಿ ಎಂದಿದೆ. ಕಾನೂನಿನ ಬಾಕಿ ಅದು. ಅದೇ ವರ್ಷ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಕಾಯ್ದೆ ಬಂತು, ಜನಸಂಖ್ಯೆಗೆ ತಕ್ಕ ಪಾಲು ಕೊಡಲಿಕ್ಕೆ. ಅದರ 7(ಡಿ) ಎಂಬ ಕಿಂಡಿಯಿಂದ ದುಡ್ಡು ಬೇರೆ ಕಡೆ ಸೋರಿತು. ಜನ ಕೂಗಿ ಕೂಗಿ 2023ರಲ್ಲಿ ಆ ಕಿಂಡಿ ಮುಚ್ಚಿಸಿದರು. ಪಾಲು ಅಂದರೆ ಜಗಳಕ್ಕೆ ನಿಲ್ಲಬಹುದು. ನೆರವು ಅಂದರೆ ಕೈಮುಗಿಯಬೇಕು.

ನಾವು ಓದಿದ ಹೈಸ್ಕೂಲಿಗೂ ಕಂಪ್ಯೂಟರುಗಳು ಬಂದಿದ್ದವು. ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕೇಂದ್ರದ ಯೋಜನೆ 2004ರ ಡಿಸೆಂಬರಿನಲ್ಲಿ ಶುರುವಾದದ್ದು. ಯಂತ್ರ ತರುವುದು, ಕಲಿಸುವುದು ಎಲ್ಲ ಕಂಪನಿಗೆ ಗುತ್ತಿಗೆ. ಅವಧಿ ಮುಗಿದ ಮೇಲೆ ಹಳೇ ಯಂತ್ರ ಶಾಲೆಗೆ. ನಮ್ಮಲ್ಲಿ ರೂಮಿಗೆ ಬೀಗ, ಯಂತ್ರಗಳಿಗೆ ಬಟ್ಟೆ ಹೊದಿಕೆ, ಥೇಟು ಗರ್ಭಗುಡಿ. ಗುಡಿಸಲಿಕ್ಕೆ ನಮ್ಮ ಕೇರಿಯ ಹುಡುಗರು, ಕುರ್ಚಿ ಮೇಲೆ ಕೂರಲಿಕ್ಕೆ ಊರೊಳಗಿನವರು. ಆಮೇಲೆ ಗುತ್ತಿಗೆಯ ಮೇಷ್ಟ್ರೊಬ್ಬರು ಬಂದರು. ಬೀಗ ತೆಗೆದು, ನಮ್ಮನ್ನು ಮೊದಲ ಸಾಲಿಗೆ ಕೂರಿಸಿ, 'ನುಡಿ'ಯಲ್ಲಿ ನಮ್ಮ ಅವ್ವಂದಿರ ಹೆಸರು ಬರೆಸಿದರು. ಪರದೆ ಮೇಲೆ ಅವ್ವನ ಹೆಸರು ಕಂಡ ದಿನ ನಾವು ಊಟಕ್ಕೇ ಏಳಲಿಲ್ಲ. ಗುತ್ತಿಗೆ ಮುಗಿಯಿತು, ಅವರು ಹೋದರು, ಬೀಗ ವಾಪಸು ಬಂತು. ಕೇರಳ 2001ರಲ್ಲೇ ಇಂಥ ಕೆಲಸ ಶುರುಮಾಡಿ ತನ್ನ ಶಾಲೆಯ ಮೇಷ್ಟ್ರುಗಳನ್ನೇ ತಯಾರು ಮಾಡಿತು. ನಾವು ಕನ್ನಡಕ್ಕೆ ತಂದ ಅರ್ಜಿಯಲ್ಲಿ ಮೇಷ್ಟ್ರ ಸಂಬಳಕ್ಕೆ ಒಂದು ಸಾಲೂ ಇಲ್ಲ. ಉದ್ಘಾಟನೆಗೆ, ಫೋಟೋಕ್ಕೆ ಇದೆ.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕದಲ್ಲಿ ದೇಶದ ಹಳ್ಳಿಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4.4ರಲ್ಲಿ, ಇಂಟರ್ನೆಟ್ ಶೇ. 14.9ರಲ್ಲಿ. ಎರಡು ವರ್ಷಕ್ಕೆ ಕೊರೊನಾ ಬಂತು, ಶಾಲೆಗೆ ಬೀಗ ಬಿತ್ತು, ಪಾಠ ಫೋನಿಗೆ ಹೋಯಿತು. ಫೋನು ಕೂಲಿಗೆ ಹೋದ ಅಪ್ಪನ ಜೇಬಲ್ಲಿತ್ತು.

ಅನುದಾನವೇ ಬೇಡ ಅಂತ ನಾವು ಹೇಳುತ್ತಿಲ್ಲ. ಸ್ಕಾಲರ್‌ಶಿಪ್ಪಿನಲ್ಲೇ ಓದಿದವರು ನಾವು. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರರಿಗೆ ಕೊಟ್ಟದ್ದೂ ಅನುದಾನವೇ: ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಅದಕ್ಕೂ ಕರಾರಿತ್ತು, ಓದಿ ಬಂದು ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕು ಅಂತ. ಆದರೆ ದುಡ್ಡು ಓದುವವರ ಕೈಗೇ ಬಂತು. ನ್ಯೂಯಾರ್ಕಿನಲ್ಲಿ ಹೊಟ್ಟೆ ಕಟ್ಟಿ ಹಳೇ ಪುಸ್ತಕ ಆರಿಸಿಕೊಂಡದ್ದು ಅಂಬೇಡ್ಕರರೇ. ನಮ್ಮ ಅರ್ಜಿಯ ಟ್ಯಾಬ್ಲೆಟ್‌ನಲ್ಲಿ ಮಗು ಏನು ನೋಡಬೇಕು ಅನ್ನುವುದೆಲ್ಲ ಮೊದಲೇ ತುಂಬಿಸಿಟ್ಟಿರುತ್ತದೆ.

ಅನುವಾದದಲ್ಲಿ ನಾವೊಂದು ತುಂಟತನ ಮಾಡಿದ್ದೆವು. ಹದಿನಾಲ್ಕನೇ ಪುಟದಲ್ಲಿ ನಮ್ಮದೇ ಒಂದು ಸಾಲು ಸೇರಿಸಿದ್ದೆವು: 'ಮಕ್ಕಳು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತಾರೆ.' ಸಂಸ್ಥೆಯವರು ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ಮೂಲದಲ್ಲಿಲ್ಲ' ಅಂತ ಬರೆದು ಕಳಿಸಿದರು. ಆ ಪುಟ ಬಿಟ್ಟು ಉಳಿದ ಹತ್ತೊಂಬತ್ತಕ್ಕೆ ಕಾಸು ಕೊಟ್ಟರು.